ಗೈಡ್‌ಮೀಮಾಂಸೆ: ವಿಜಯಪುರದ ಏಕದಿನ ದರ್ಶನಕ್ಕೊಂದು ಭಾಷ್ಯ

ವಿಜಯಪುರವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಈವರೆಗೆ ಗಂಭೀರವಾಗಿ ಎತ್ತಿಕೊಂಡಿಲ್ಲ. ಟೆಂಪೊ ಟ್ರಾವೆಲರ್‌ನವರು ಎತ್ತಿಕೊಂಡು ಬಗೆಹರಿಸಿಯೂ ಆಗಿದೆ. ಬೆಳಿಗ್ಗೆ ಹತ್ತಕ್ಕೆ ಊರು ಮುಟ್ಟಬೇಕು, ಮೂರೂವರೆಗೆ ಬಿಡಬೇಕು, ಸಂಜೆ ಆಲಮಟ್ಟಿಯ ಸಂಗೀತ ಕಾರಂಜಿಗೆ ಹಾಜರಿರಬೇಕು. ಆದಿಲ್‌ಶಾಹಿಗಳು ಇಲ್ಲಿ ಆಳಿದ್ದು 1490ರಿಂದ 1686ರವರೆಗೆ. ಜೋಳದ ರೊಟ್ಟಿ, ಎಣ್ಣೆಗಾಯಿಗೆ ಒಂದು ತಾಸು ಕಳೆದರೆ ಉಳಿಯುವುದು ನಾಲ್ಕೂವರೆ ತಾಸು. ಅಂದರೆ ತಾಸಿಗೆ ಸುಮಾರು ನಲವತ್ತನಾಲ್ಕು ವರ್ಷದ ವೇಗ. ಔರಂಗಜೇಬನಿಗೂ ಈ ವೇಗ ದಕ್ಕಿರಲಿಲ್ಲ. ಮುತ್ತಿಗೆ ಹಾಕಿ ಊರೊಳಗೆ ಕಾಲಿಡುವುದಕ್ಕೇ ಅವನಿಗೆ ವರ್ಷದ ಮೇಲೆ ಹಿಡಿಯಿತು. ಅವನ ಬಳಿ ಒಳ್ಳೆಯ ಡ್ರೈವರ್ ಇರಲಿಲ್ಲವೆಂದೇ ಊಹಿಸಬೇಕಾಗುತ್ತದೆ.

ಮೊದಲು ಪ್ರಮಾಣವಿಚಾರ. ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಕೆಲವು ದಾರ್ಶನಿಕರು ಪ್ರಮಾಣಗಳನ್ನು ಎಣಿಸುತ್ತಾರೆ. ಪ್ರವಾಸಶಾಸ್ತ್ರದಲ್ಲಿ ಪ್ರತ್ಯಕ್ಷಕ್ಕೆ ಅಷ್ಟಾಗಿ ಮಾನ್ಯತೆಯಿಲ್ಲ, ಏಕೆಂದರೆ ಯಾತ್ರಿಕರು ಕಟ್ಟಡಕ್ಕೆ ಬೆನ್ನು ಹಾಕಿ ಮೊಬೈಲಿಗೆ ಮುಖ ಮಾಡಿರುತ್ತಾರೆ. ಅನುಮಾನ ಮಾಡಿದರೆ ಗೈಡಿಗೆ ಸಿಟ್ಟು ಬರುತ್ತದೆ. ಉಳಿದದ್ದು ಶಬ್ದಪ್ರಮಾಣವೊಂದೇ, ಅಂದರೆ ಗೈಡ್ ಹೇಳಿದ್ದು. ಇದರ ಪ್ರಾಬಲ್ಯ ಗೋಳಗುಮ್ಮಟದಲ್ಲಿ ಅನುಭವಕ್ಕೆ ಬರುತ್ತದೆ: ಅಲ್ಲಿ ಹೇಳಿದ್ದು ಏಳು ಸಲ ಮರಳಿ ಕೇಳುತ್ತದೆ. ಒಂದೇ ಮಾತಿಗೆ ಏಳು ಸಾಕ್ಷಿ ಸಿಗುವ ನ್ಯಾಯಾಲಯ ಬೇರೆಲ್ಲೂ ಇಲ್ಲ.

ಗೈಡ್ ಪರಂಪರೆಯ ಮೊದಲ ಸಿದ್ಧಾಂತ ‘ದ್ವಿತೀಯತ್ವ’. "ಜಗತ್ತಿನ್ಯಾಗ ಎರಡನೇ ದೊಡ್ಡ ಗುಮ್ಮಟ ನೋಡ್ರಿ ಇದು" ಎಂಬ ಘೋಷಣೆಯಿಂದಲೇ ದಿನ ಶುರು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ರೋಮಿನ ಸೇಂಟ್ ಪೀಟರ್ಸ್ ಚರ್ಚಿನದು 41 ಮೀಟರಿಗೂ ಹೆಚ್ಚು. ಅದೇ ಊರಿನ ಪ್ಯಾಂಥಿಯನ್ನಿನದು 43 ಮೀಟರಿಗೂ ಹೆಚ್ಚು. ಇಬ್ಬರನ್ನು ಮುಂದೆ ಬಿಟ್ಟವನು ಎರಡನೆಯವನಾಗುವುದು ಹೇಗೆಂದು ಅಂಕಗಣಿತ ಬಲ್ಲವರು ಆಕ್ಷೇಪಿಸಬಹುದು. ಸಮಾಧಾನ: ಅವೆರಡೂ ರೋಮಿನವೇ ಆದ್ದರಿಂದ ಒಂದೆಂದೇ ಎಣಿಸತಕ್ಕದ್ದು. ಫ್ಲಾರೆನ್ಸಿನ ಗುಮ್ಮಟದ ಮಾತೆತ್ತಿದವರನ್ನು ಬಸ್ಸು ಬಿಟ್ಟು ಹೋಗುತ್ತದೆ.

ಈ ಎರಡನೆಯ ಸ್ಥಾನದ ಗದ್ದಲದಲ್ಲಿ ಮೊದಲ ಸ್ಥಾನಕ್ಕೇ ಅರ್ಹವಾದ ಸಂಗತಿಯೊಂದು ಮೂಲೆ ಸೇರಿದೆ. ಕೆಳಗಿನದು 135 ಅಡಿಯ ಚೌಕ ಹಜಾರ. ಮೇಲೆ ಕೂರಬೇಕಾದದ್ದು ದುಂಡು ಗುಮ್ಮಟ. ನಡುವೆ ಒಂದೂ ಕಂಬವಿಲ್ಲ. ಚೌಕದ ಮೇಲೆ ವೃತ್ತವನ್ನು ಕೂರಿಸಲು ಕಟ್ಟಿದವರು ಎಂಟು ಕಮಾನುಗಳನ್ನು ಒಂದನ್ನೊಂದು ಕತ್ತರಿಸುವಂತೆ ಹೆಣೆದರು. ಆ ಹೆಣಿಗೆ ಗೋಡೆಯಿಂದ ಒಳಕ್ಕೆ ಚಾಚುತ್ತ ಬಂದು ಗುಮ್ಮಟಕ್ಕೆ ಪೀಠವಾಗುತ್ತದೆ. ಗುಮ್ಮಟ ಹೊರಕ್ಕೆ ಒತ್ತುವ ಒತ್ತಡವನ್ನು ಒಳಕ್ಕೆ ಬಾಗಿದ ಈ ಭಾರವೇ ತಡೆದು ನಿಲ್ಲಿಸುತ್ತದೆ. ಇಲ್ಲಿ ಸಮಾಧಿಯಾಗಿರುವ ಸುಲ್ತಾನ ಮುಹಮ್ಮದ್ ಆದಿಲ್‌ಶಾಹ 1627ರಲ್ಲಿ ಪಟ್ಟಕ್ಕೆ ಬಂದು 1656ರಲ್ಲಿ ತೀರಿಕೊಳ್ಳುವವರೆಗೆ ಈ ಲೆಕ್ಕಾಚಾರ ನಡೆಯಿತು. ಯಾತ್ರಿಕರು ತಲೆಯೆತ್ತಿ ನೋಡಲಿಕ್ಕೆ ಒಂದೇ ಅಡ್ಡಿ: ಅಷ್ಟು ಹೊತ್ತಿಗೆ ಅವರು ಮೆಟ್ಟಿಲಿಗೆ ಓಡಿರುತ್ತಾರೆ.

ಮೇಲಿನದು ಪಿಸುಗುಟ್ಟುವ ಗ್ಯಾಲರಿ. ಕಾಗದ ಹರಿದರೆ, ಕಡ್ಡಿ ಗೀರಿದರೆ ಎದುರು ಬದಿಗೆ ಕೇಳುತ್ತದೆಂದು ಗೈಡ್ ಹೇಳುತ್ತಾನೆ, ತೋರಿಸಿಯೂ ಬಿಡುತ್ತಾನೆ. ಇಲ್ಲಿ ನಾವು ‘ವಿಲೋಮ ನಿಯಮ’ವೊಂದನ್ನು ಪ್ರತಿಪಾದಿಸುತ್ತೇವೆ: ಕಟ್ಟಡ ಎಷ್ಟು ಸೂಕ್ಷ್ಮ ಧ್ವನಿಯನ್ನು ಹಿಡಿಯಬಲ್ಲದೋ ಯಾತ್ರಿಕ ಅಷ್ಟೇ ಜೋರಾಗಿ ಅರಚುತ್ತಾನೆ. ಡಿಸೆಂಬರಿನ ಶಾಲಾ ಪ್ರವಾಸಗಳ ಕಾಲದಲ್ಲಿ ಈ ನಿಯಮಕ್ಕೆ ಅಪವಾದವೇ ಸಿಗುವುದಿಲ್ಲ. ಶಿಳ್ಳೆ, ಚಪ್ಪಾಳೆ, ಹೆಡ್‌ಮಾಸ್ತರರ ಅಡ್ಡಹೆಸರು ಎಂದು ಕೂಗಿನ ವಿಧಗಳು ಹಲವು. ನವವಿವಾಹಿತರು ಮಾತ್ರ ಪರಸ್ಪರ ಎದುರು ಗೋಡೆಗಳಿಗೆ ಕಿವಿ ಹಚ್ಚಿ ನಿಂತು, ಹೈಸ್ಕೂಲಿನ ಇಡೀ ಎಂಟನೆಯ ತರಗತಿಯ ಪ್ರೇಮನಿವೇದನೆಯನ್ನು ಕೇಳಿಸಿಕೊಳ್ಳುತ್ತಾರೆ.

ಕೆಳಗಿಳಿದರೆ ‘ರಂಭಾ ಸಮಸ್ಯೆ’. ಸುಲ್ತಾನನ ಪಕ್ಕದ ಗೋರಿಗಳಲ್ಲೊಂದು ನರ್ತಕಿ ರಂಭೆಯದು. ಪ್ರೀತಿಯಿದ್ದರೆ ಮೇಲಿನಿಂದ ಹಾರು ಎಂದನಂತೆ, ಹಾರಿದಳಂತೆ. ಈ ‘ಅಂತೆ’ಯನ್ನು ಹೇಳುವಾಗ ಗೈಡಿನ ಧ್ವನಿ ನಡುಗುವ ರೀತಿ ಎಷ್ಟು ನಯವಾದದ್ದೆಂದರೆ ಆಧಾರ ಕೇಳುವ ಧೈರ್ಯ ನಮಗಾಗಲಿಲ್ಲ. ಅಲ್ಲಿ ಕಾಣುವವು ಮೇಲುಗೋರಿಗಳು, ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ ಎಂಬ ಮಾತನ್ನೂ ಆಗ ಎತ್ತಬಾರದು. ರಸಭಂಗವಾಗುತ್ತದೆ.

ಮುಂದೆ ಬಾರಾ ಕಮಾನ್. ಇದು ಮುಹಮ್ಮದನ ಮಗ ಎರಡನೆಯ ಅಲಿಯ ಅರ್ಧಕ್ಕೆ ನಿಂತ ಸಮಾಧಿ. ಇದರ ನೆರಳು ಗೋಳಗುಮ್ಮಟದ ಮೇಲೆ ಬಿದ್ದೀತೆಂದು ತಂದೆಯೇ ಮಗನನ್ನು ಮುಗಿಸಿದ ಎಂಬ ಕಥೆ ಚಾಲ್ತಿಯಲ್ಲಿದೆ. ತಂದೆ ತೀರಿಕೊಂಡದ್ದು 1656ರಲ್ಲಿ, ಮಗ 1672ರಲ್ಲಿ. ಸತ್ತು ಹದಿನಾರು ವರ್ಷವಾದ ಮೇಲೂ ಕೊಲೆ ಮಾಡಬಲ್ಲ ದೊರೆ ಬೇರೆ ಯಾವ ವಂಶದಲ್ಲೂ ದೊರಕುವುದಿಲ್ಲವಾದ್ದರಿಂದ ಆದಿಲ್‌ಶಾಹಿಗಳ ಹಿರಿಮೆ ಇಲ್ಲಿ ನಿರ್ವಿವಾದ.

ಮಲಿಕ್-ಎ-ಮೈದಾನ್ ತೋಪಿನ ಬಳಿ ಶಾಸ್ತ್ರಕ್ಕೂ ಬೆವರು ಬರುತ್ತದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಗೊಂಡದ್ದು. ತೂಕ ಸುಮಾರು 55 ಟನ್. ಮೂತಿ ಸಿಂಹದ್ದು, ಕೋರೆಹಲ್ಲಿನ ನಡುವೆ ನುಜ್ಜಾಗುತ್ತಿರುವ ಆನೆ. ಬಿಸಿಲಿಗೂ ತಣ್ಣಗಿರುತ್ತದೆಂದು ಗೈಡ್ ಹೇಳಿದ್ದೇ ತಡ ಎಲ್ಲರೂ ಅದರ ಮೈ ಸವರುತ್ತಾರೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಈ ವಿಷಯ ಕೇಳಿದ ಯಾತ್ರಿಕರೆಲ್ಲರ ಮುಖದಲ್ಲೂ ಒಂದೇ ವಿಷಾದ ಕಂಡಿತು: ಆಗ ನಾವಿರಬೇಕಿತ್ತು.

ಮುಹಮ್ಮದನ ತಂದೆಯ ಸಮಾಧಿಯಾದ ಇಬ್ರಾಹಿಂ ರೌಜಾದಲ್ಲಿ "ತಾಜಮಹಲ್‌ಗೆ ಇದೇ ಮಾದರಿ" ಎಂಬ ವಾಕ್ಯವನ್ನು ಗೈಡ್ ಗೇಟಿನಲ್ಲೇ ಹೇಳಿಬಿಡುತ್ತಾನೆ, ಹಾಗಾಗಿ ಒಳಗೆ ಹೋಗುವ ಅಗತ್ಯ ಬೀಳುವುದಿಲ್ಲ. ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಆ ಕಲ್ಲಿನ ಕಿಟಕಿಗಳು ಒಳಗೆ ಹೋದವರಿಗಷ್ಟೇ ಸಿಕ್ಕುತ್ತವೆ. ಉಪ್ಪಲಿ ಬುರುಜು, ಗಗನ ಮಹಲ್, ಜೋಡ ಗುಮ್ಮಟಗಳು ಕಿಟಕಿಯಿಂದಲೇ ಸಂಪನ್ನ.

ಈ ಪಟ್ಟಿಯನ್ನು ನಿಷ್ಪಕ್ಷಪಾತವಾಗಿ ನೋಡಿದರೆ ಅಜ್ಜನ ಸಮಾಧಿ, ಅಪ್ಪನ ಸಮಾಧಿ, ಮಗನ ಸಮಾಧಿ, ನಡುವೆ ಒಂದು ತೋಪು. ಊರು ಹೇಗೆ ಸತ್ತಿತೆಂಬುದು ಮನದಟ್ಟಾಗುತ್ತದೆ. ಬದುಕಿದ್ದು ಹೇಗೆಂಬುದಕ್ಕೆ ಸಮಯವಿಲ್ಲ. ಈ ಒಣನೆಲದಲ್ಲಿ ಅಷ್ಟು ದೊಡ್ಡ ರಾಜಧಾನಿ ಏನು ಕುಡಿಯುತ್ತಿತ್ತು? ತೊರವಿಯ ಕಡೆಯಿಂದ ನೆಲದಡಿಯ ಕರೇಜ್ ಸುರಂಗದಲ್ಲಿ ನೀರು ಬರುತ್ತಿತ್ತು; 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಹರಿಯುತ್ತಿತ್ತು; ದಾರಿಯಲ್ಲಿ ಒತ್ತಡ ತಗ್ಗಿಸಲು ಗಂಜ್ ಎಂಬ ನೀರಿನ ಗೋಪುರಗಳಿದ್ದವು. 1620ರ ತಾಜ್ ಬಾವಡಿ ಇಂದಿಗೂ ಊರ ನಡುವೆಯೇ ಇದೆ. ನಮ್ಮ ತಂಡ ಅದರ ಹತ್ತಿರ ಹೋಗಿತ್ತು, ಮಿನರಲ್ ವಾಟರ್ ಕೊಳ್ಳುವುದಕ್ಕೆ.

ಗೈಡನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಕೊಟ್ಟದ್ದು ನಲವತ್ತು ನಿಮಿಷ, ಮತ್ತು ರಂಭೆಯ ಕಥೆ ಹೇಳದಿದ್ದರೆ ಕೇಳುವವರು ನಾವೇ. ವಾಚಕರಲ್ಲಿ ಇಷ್ಟೇ ವಿನಂತಿ: ಊರಲ್ಲಿ ಒಂದು ರಾತ್ರಿ ಉಳಿಯಿರಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಬಸ್ಸುಗಳು ಬರುವ ಮುಂಚೆ ಗುಮ್ಮಟ ಹತ್ತಿ, ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಒಂದು ಮಾತಾಡಿ. ಆಮೇಲೆ ಟಾಂಗಾ ಹಿಡಿದು ತಾಜ್ ಬಾವಡಿಗೆ ಹೋಗಿ. ಗೈಡಿಗೆ ಮಾತ್ರ ಚೌಕಾಸಿ ಮಾಡದೆ ಪೂರಾ ದುಡ್ಡು ಕೊಡಿ.