ಪಕ್ಕದ ಮನೆಯ ಲೇಲ್ಯಾಂಡಿ

ಕಾಲು ತುಳಿಸಿಕೊಂಡವನೇ ಮೊದಲು ‘ಸಾರಿ’ ಅನ್ನುವ ದೇಶ ಇಂಗ್ಲೆಂಡು. ಅಂಥವರ ಬಾಯಲ್ಲಿ ಒಂದು ಅಪ್ಪಟ ಬೈಗುಳ ಕೇಳಬೇಕೆಂದಿದ್ದರೆ ಲೇಲ್ಯಾಂಡಿಯ ಸುದ್ದಿ ತೆಗೆಯಬೇಕು. ಸೈಪ್ರೆಸ್ ಕುಲದ ಮರ ಇದು, ವರ್ಷವಿಡೀ ಹಸಿರು. ಮನೆ ಮನೆಗಳ ನಡುವೆ ಮರೆಗೆಂದು ಸಾಲಾಗಿ ನೆಡುತ್ತಾರೆ. ಜಾಗ ಹಿಡಿಸಿತೆಂದರೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಏಳುತ್ತದೆ. ನೆಟ್ಟವರಿಗೆ ಬೇಕಾಗಿದ್ದದ್ದು ಆಳೆತ್ತರದ ಬೇಲಿ ಅಷ್ಟೆ. ಮರಕ್ಕೆ ಅದನ್ನು ಯಾರೂ ಹೇಳಿರುವುದಿಲ್ಲ.

ಇದರ ಹುಟ್ಟೇ ಆಕಸ್ಮಿಕ. ಮಾಂಟೆರೆ ಸೈಪ್ರೆಸ್ ಕ್ಯಾಲಿಫೋರ್ನಿಯಾದ ಕಡಲಂಚಿನ ಒಂದೆರಡು ಕಡೆ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದ ಮರ. ನೂಟ್ಕಾ ಸೈಪ್ರೆಸ್ ಅದೇ ಕರಾವಳಿಯದಾದರೂ ಬಹಳ ಉತ್ತರಕ್ಕೆ, ಅಲಾಸ್ಕಾದ ತನಕ ಹಬ್ಬಿದ ಚಳಿನಾಡಿನದು. ತವರಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ವೇಲ್ಸ್‌ನ ವೆಲ್ಷ್‌ಪೂಲ್ ಬಳಿ ಲೇಟನ್ ಹಾಲ್ ಎಂಬ ಬಂಗಲೆಯ ತೋಟದಲ್ಲಿ ಎರಡನ್ನೂ ತಂದು ನೆಟ್ಟಿದ್ದರು. 1888ರಲ್ಲಿ ನೂಟ್ಕಾದ ಬೀಜದಿಂದ ಎದ್ದ ಸಸಿಗಳಲ್ಲಿ ಎರಡರ ಹೋಲಿಕೆಯೂ ಇತ್ತು. ಆ ಮನೆತನದ ಕ್ರಿಸ್ಟೋಫರ್ ಲೇಲ್ಯಾಂಡ್ ಸಸಿಗಳನ್ನು ನಾರ್ಥಂಬರ್ಲಂಡಿನ ತಮ್ಮ ಹ್ಯಾಗರ್ಸ್ಟನ್ ಎಸ್ಟೇಟಿಗೆ ಒಯ್ದರು. ಅವರ ಹೆಸರೇ ಮರಕ್ಕೆ ಅಂಟಿಕೊಂಡಿತು. ದೇಶದ ತುಂಬ ಇಂದು ಜನ ಅವರ ಹೆಸರು ಹಿಡಿದು ಬೈಯುತ್ತಿದ್ದಾರೆಂಬುದು ಪುಣ್ಯಾತ್ಮರಿಗೆ ಗೊತ್ತಿಲ್ಲ.

ರೆಡಿಂಗ್‌ನ ನಮ್ಮ ಮನೆಯ ಹಿತ್ತಿಲಿಗೆ ದಕ್ಷಿಣದಲ್ಲಿ, ಪಕ್ಕದವರ ಜಾಗದಲ್ಲಿ, ಇಂಥ ಒಂದು ಸಾಲು ಇದೆ. ಈ ದೇಶದಲ್ಲಿ ಸೂರ್ಯ ಯಾವತ್ತೂ ದಕ್ಷಿಣಕ್ಕೆ ವಾಲಿಕೊಂಡೇ ನಡೆಯುವವನು. ಆರು ಮೀಟರ್ ಬೇಲಿಯ ಹಿಂದೆ ಅವನು ಚಳಿಗಾಲವಿಡೀ ತಲೆಮರೆಸಿಕೊಂಡಿರುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ನಾವು ಸುಮ್ಮನೆ ಗಾದೆಗೆ ಹೇಳುತ್ತೇವೆ. ಲೇಲ್ಯಾಂಡಿ ಅದನ್ನು ಅಕ್ಷರಶಃ ಮಾಡುತ್ತದೆ. ಬುಡದ ಸುತ್ತ ನೀರನ್ನೆಲ್ಲ ಹೀರಿ, ಬಿಸಿಲು ತಡೆದು, ನಮ್ಮ ಹುಲ್ಲನ್ನು ಗಜಗಟ್ಟಲೆ ಮೇಯ್ದುಬಿಟ್ಟಿದೆ.

ಮೇ ತಿಂಗಳಲ್ಲಿ ಸಾಗರದಿಂದ ಬಂದ ಅಮ್ಮ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿ, “ಎಂಥ ಮಾರಾಯ ಇದು! ಹೂವಿಲ್ಲ, ಹಣ್ಣಿಲ್ಲ, ಕೊಟ್ಟಿಗೆಗೆ ಹಾಸೋಣವೆಂದರೆ ಸೊಪ್ಪಿನ ಹಾಗೂ ಇಲ್ಲ” ಎಂದಳು. ಅವಳ ಲೆಕ್ಕದಲ್ಲಿ ಬೇಲಿಗೂ ಒಂದು ದುಡಿಮೆ ಇರಬೇಕು. ದಾಸವಾಳವಾದರೆ ಪೂಜೆಗೆ, ಆಡುಸೋಗೆಯಾದರೆ ಕೆಮ್ಮಿಗೆ, ಲಕ್ಕಿಯಾದರೆ ಬಾಣಂತಿಯ ನೀರಿಗೆ. ಬೆಂಗಳೂರಿನಲ್ಲಂತೂ ಬೇಲಿಯ ದಾಸವಾಳ ಬೆಳಗಿನ ವಾಕಿಂಗಿನವರ ದೇವರುಗಳಿಗೇ ಮೀಸಲು. ಬರಿದೇ ಮರೆಯಾಗಿ ನಿಲ್ಲುವ ಗಿಡ ಅವಳ ಕಣ್ಣಿಗೆ ದಂಡಪಿಂಡ.

ಇಲ್ಲಿನ ಪಾರ್ಲಿಮೆಂಟೂ ಈ ದಂಡಪಿಂಡದ ವಿಚಾರಕ್ಕೆ ತಲೆ ಕೆಡಿಸಿಕೊಂಡದ್ದುಂಟು. ಸಮಾಜವಿರೋಧಿ ವರ್ತನೆಯ ವಿರುದ್ಧ 2003ರಲ್ಲಿ ಮಾಡಿದ ಕಾಯ್ದೆಯ ಎಂಟನೆಯ ಭಾಗ ಪೂರ್ತಿ ಎತ್ತರದ ಬೇಲಿಗಳದ್ದೇ. ಪುಂಡಾಟಿಕೆಯವರ ಸಾಲಿನಲ್ಲೇ ಗಿಡವನ್ನೂ ನಿಲ್ಲಿಸಿದ್ದಾರೆ. ಎರಡು ಮೀಟರ್ ಮೀರಿದ ನಿತ್ಯಹರಿದ್ವರ್ಣದ ಸಾಲು ಬೆಳಕಿಗೆ ಅಡ್ಡವಾದರೆ ಕೌನ್ಸಿಲ್‌ಗೆ ದೂರು ಕೊಡಬಹುದು. ಆದರೆ ದೂರಿಗೆ ಶುಲ್ಕ ಕಟ್ಟಬೇಕಾದವರು ನೊಂದವರೇ. ಅದಕ್ಕೂ ಮೊದಲು ಪಕ್ಕದವರೊಡನೆ ಮಾತಾಡಿ ನೋಡಿದ್ದೇವೆ ಎಂಬುದಕ್ಕೆ ಪುರಾವೆ ಬೇಕು. ಎತ್ತರ ಎಷ್ಟಿದ್ದರೆ ಸರಿ ಎಂಬುದಕ್ಕೂ ಸೂತ್ರವಿದೆ: ಕಿಟಕಿಯಿಂದ ಬೇಲಿಗಿರುವ ದೂರದ ಅರ್ಧ, ಅದಕ್ಕೊಂದು ಮೀಟರ್ ಕೂಡಿಸಿ. ಟೇಪು ಹಿಡಿದು ಅಳೆದೆ. ಆರು ಮೀಟರ್. ಅಂದರೆ ನಾಲ್ಕು ಮೀಟರ್ ಬೇಲಿ ನ್ಯಾಯ, ಉಳಿದೆರಡು ಅನ್ಯಾಯ.

ಗಡಿ ದಾಟಿದ ಕೊಂಬೆಯನ್ನು ಗಡಿಯವರೆಗೆ ನಾನೇ ಕಡಿಯಬಹುದು. ಆ ಹಕ್ಕನ್ನು ಹೌಸ್ ಆಫ್ ಲಾರ್ಡ್ಸ್ 19ನೇ ಶತಮಾನದಲ್ಲೇ ಎತ್ತಿಹಿಡಿದಿದೆ. ತಮಾಷೆಯೆಂದರೆ ಕಡಿದ ಕೊಂಬೆ ಮಾತ್ರ ಮರದ ಒಡೆಯರದ್ದು. ನಾನು ಬೆವರು ಸುರಿಸಿ ಕಡಿದು, ಬಾಗಿಲು ತಟ್ಟಿ, ನಿಮ್ಮ ಕಸ ನಿಮಗೆ ಬೇಕೇ ಎಂದು ವಿನಯದಿಂದ ವಿಚಾರಿಸಬೇಕು.

ಬಾಗಿಲು ತಟ್ಟಿದೆ. ಒಬ್ಬರೇ ಇರುವ ಮುದುಕರು, ಚಹಾ ಕೊಟ್ಟರು. ಎಂಬತ್ತರ ದಶಕದಲ್ಲಿ ಹೆಂಡತಿಯೂ ತಾವೂ ಮೊಣಕಾಲೆತ್ತರದ ಸಸಿಗಳನ್ನು ನರ್ಸರಿಯಿಂದ ಕಾರಿನ ಡಿಕ್ಕಿಯಲ್ಲಿ ತಂದದ್ದನ್ನು ಹೇಳಿದರು. ಈಗ ಏಣಿ ಹತ್ತಲು ಮಂಡಿ ಒಪ್ಪುವುದಿಲ್ಲ. ನನ್ನ ಎರಡು ಮೀಟರ್ ಅನ್ಯಾಯದ ಕಡತ ಜೇಬಿನಲ್ಲೇ ಉಳಿಯಿತು. ಕತ್ತರಿಸೋಣ, ಖರ್ಚು ಅರ್ಧರ್ಧ ಎಂದದ್ದು ಅವರೇ. ಆದರೆ ಒಳಗೆ ಬ್ಲ್ಯಾಕ್‌ಬರ್ಡ್ ಗೂಡು ಕಟ್ಟಿತ್ತು. ಮೊಟ್ಟೆ ಮರಿ ಇರುವ ಗೂಡು ಕೆಡಿಸುವುದು 1981ರ ಕಾಯ್ದೆಯ ಪ್ರಕಾರ ಅಪರಾಧ. ಹೀಗೆ ಹಕ್ಕಿಯ ಬಾಣಂತನ ಮುಗಿಯುವವರೆಗೆ ನಮ್ಮ ಬಿಸಿಲು ಮುಂದಕ್ಕೆ ಹೋಯಿತು.

ಆಗಸ್ಟ್ ಕೊನೆಗೆ ಕೆಲಸದವನು ಮೂರು ಕಾಲಿನ ಏಣಿಯೊಡನೆ ಬಂದ. ಎತ್ತರದಲ್ಲಿ ಮೂರರಲ್ಲೊಂದು ಪಾಲು ಇಳಿಸಬಹುದು, ಪಕ್ಕಗಳಲ್ಲಿ ಮಾತ್ರ ಹಸಿರು ದಾಟಿ ಒಳಗೆ ಕೈ ಹಾಕುವುದಿಲ್ಲ ಎಂದ. ಹಸಿರು ಹೊರಗಿನ ಒಂದು ಪದರ ಅಷ್ಟೇ. ಬಗ್ಗಿಸಿ ನೋಡಿದರೆ ಒಳಗೆಲ್ಲ ಒಣಗಿದ ಕಂದು ಕಡ್ಡಿ. ಅಲ್ಲಿಗೆ ಕತ್ತರಿ ತಾಗಿತೋ, ಬೋಳಾದ ತಲೆಯ ಹಾಗೆ, ಮತ್ತೆ ಚಿಗುರುವ ಮಾತಿಲ್ಲ. ವರ್ಷಕ್ಕೆರಡು ಸಲ ತುದಿ ಸವರುತ್ತಿದ್ದರೆ ಬೇಲಿ, ಮೂರು ವರ್ಷ ಮರೆತರೆ ಕಾಡು. ಗೂಟಕ್ಕೆ ದಾರ ಬಿಗಿದು, ಬುಡ ಅಗಲ, ತಲೆ ಕಿರಿದು ಬರುವಂತೆ ಓರೆಯಾಗಿ ಸವರಿದ. ಆಗಲೇ ಕೆಳಗಿನ ಕೊಂಬೆಗೂ ಬೆಳಕು ಸಿಗುವುದು. ಕೊಂಬೆ ಎಳೆದು ರಾಶಿ ಹಾಕುವುದು ನನ್ನ ಪಾಲಿನ ಕೆಲಸ. ಸಣ್ಣ ಕಂದು ಪುಡಿ ಕಾಲರಿನೊಳಗೆ ಇಳಿದು ಬೆನ್ನೆಲ್ಲ ತುರಿಕೆ. ಅಂಗೈಗೆ ಮೆತ್ತಿದ ಅಂಟು ಸೋಪಿಗೆ ಬಗ್ಗಲಿಲ್ಲ. ಅಮ್ಮ ಕೊಬ್ಬರಿ ಎಣ್ಣೆ ತಿಕ್ಕಿದಳು, ಹಲಸಿನ ಮೇಣದ ಚಿಕಿತ್ಸೆ, ಹೋಯಿತು.

ಸೆಪ್ಟೆಂಬರಿನಲ್ಲಿ ಅಮ್ಮನನ್ನು ವೆಲ್ಷ್‌ಪೂಲ್‌ಗೆ ಕರೆದೊಯ್ದೆವು, ಲೇಟನ್ ಹಾಲ್ ನೋಡಲಿಕ್ಕಲ್ಲ, ಅದೇ ಊರಿನ ಪೋವಿಸ್ ಕೋಟೆಗೆ. ಅಲ್ಲಿನ ಯೂ ಗಿಡದ ಬೇಲಿಗೆ 300 ವರ್ಷ ದಾಟಿದೆ. ಎತ್ತರ 14 ಮೀಟರ್. ಮಾಲಿಗಳು ಯಂತ್ರದ ತೊಟ್ಟಿಲಲ್ಲಿ ನಿಂತು ಅದನ್ನು ಕತ್ತರಿಸುತ್ತಾರೆ. ದೂರು ಕೊಡಲು ಪಕ್ಕದ ಮನೆಯೇ ಇಲ್ಲ. ಯೂ ಕೂಡ ಸೂಜಿ ಎಲೆಯ ಜಾತಿಯೇ, ಆದರೆ ದೊಡ್ಡ ಮನಸ್ಸಿನದು; ಹಳೆಯ ಕಾಂಡದವರೆಗೆ ಬೋಳಿಸಿದರೂ ಮತ್ತೆ ಚಿಗುರುತ್ತದೆ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮನ ಬ್ಯಾಗಿನಿಂದ ಕಡುಹಸಿರು ತುದಿಯೊಂದು ಇಣುಕುತ್ತಿತ್ತು. ಒದ್ದೆ ಟಿಶ್ಯೂ ಸುತ್ತಿದ ಕಡ್ಡಿ.

“ಅತ್ತೆ, ಅದು ವಿಷದ ಗಿಡ” ಎಂದು ಇವಳು ಗಾಬರಿಯಾದಳು.

“ಬೇಲಿಗೆ ಒಳ್ಳೆಯದೇ ಆಯ್ತಲ್ಲ ಕೂಸೆ, ದನ ಮುಟ್ಟೂದಿಲ್ಲ.”

“ಮುಟ್ಟುತ್ತೆ ಅಮ್ಮ. ತಿಂದರೆ ಸಾಯುತ್ತೆ” ಎಂದೆ ನಾನು.

ಅಮ್ಮ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ಆಮೇಲೆ ಕೇಳಿದಳು: “ಯಾರ ಮನೆಯ ದನ?”