ರೋಗಿಯನ್ನು ನೋಡಲು ಹೋಗುವವರಿಗೊಂದು ಕೈಪಿಡಿ

ವಾರ್ಡಿಗೆ ಸೋಂಕು ತಲುಪಿಸುವ ಈ ವಿಧಾನ ನೆಂಟರಿಗೂ ಹೊಂದುತ್ತದೆ, ರೌಂಡ್ಸಿಗೆ ಬರುವ ಹಿರಿಯ ಡಾಕ್ಟರಿಗೂ ಹೊಂದುತ್ತದೆ. ಬೇಕಾಗುವ ಸಾಮಾನು: ಎರಡು ಕೈ.

ಮೊದಲು ಜನ ಕೂಡಿಸಿಕೊಳ್ಳಿ. ಪಾಸು ಒಬ್ಬರಿಗೇ ಕೊಟ್ಟಿದ್ದರೆ ಸೆಕ್ಯುರಿಟಿಯವನಿಗೆ ‘ದೂರದಿಂದ ಬಂದಿದ್ದೀವಿ ಕಣಪ್ಪ, ಐದೇ ನಿಮಿಷ’ ಅನ್ನಿ. ನೆಗಡಿಯಾದವರನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ.

ಬಾಗಿಲ ಪಕ್ಕ ಗೋಡೆಗೆ ಸ್ಯಾನಿಟೈಸರ್ ಬಾಟಲಿ ಸಿಕ್ಕಿಸಿರುತ್ತಾರೆ. ಅದಾದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60 ಸೆಕೆಂಡು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀವು ಒಂದು ಹನಿ ಹಾಕಿಕೊಂಡು, ತೀರ್ಥ ತೆಗೆದುಕೊಂಡವರ ಹಾಗೆ ಉಳಿದದ್ದನ್ನು ತಲೆಗೆ ಒರೆಸಿಕೊಂಡರೆ ಸಾಕು. ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಒಣಗಿಯೇ ಇರಲಿ. ಪಕ್ಕದಲ್ಲಿ ಭೇದಿಯ ರೋಗಿಯಿದ್ದರೆ ಮಾತ್ರ ಸ್ಯಾನಿಟೈಸರನ್ನೇ ಪೂರ್ತಿ ನಂಬಿ: ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿಗೆ ಆಲ್ಕೋಹಾಲ್ ನಾಟುವುದಿಲ್ಲ, ಅವು ಹೋಗುವುದು ಸೋಪು ನೀರಿಗೆ.

ಕೂರುವುದು ಮಂಚದ ಮೇಲೆಯೇ. ಸ್ಟೂಲಿರುವುದು ಹಣ್ಣಿನ ಚೀಲಕ್ಕೆ. ಡ್ರಿಪ್ ಹಾಕಿರುವ ಕೈ ಹಿಡಿದು, ಪ್ಲಾಸ್ಟರಿನ ಮೂಲೆ ತುಸು ಎಬ್ಬಿಸಿ, ‘ಅಯ್ಯೋ, ಊದಿದೆಯಲ್ಲ’ ಎಂದು ಒತ್ತಿ ನೋಡಿ. ಚರ್ಮ ತಡೆಯುವುದನ್ನೆಲ್ಲ ಆ ಸಣ್ಣ ಕೊಳವೆ ನೇರ ರಕ್ತಕ್ಕೆ ಬಿಡಬಲ್ಲದು. ಯೂರಿನ್ ಬ್ಯಾಗು ಕಾಲಿಗೆ ಅಡ್ಡ ಬಂದರೆ ಎತ್ತಿ ಹಾಸಿಗೆಯ ಮೇಲಿಡಿ. ಇಳಿದದ್ದು ಹಿಂದಕ್ಕೆ ಹರಿಯುತ್ತದೆ, ರೋಗಿಯದು ರೋಗಿಗೇ. ಆಮೇಲೆ ಅದೇ ಕೈಯಲ್ಲಿ ಪಕ್ಕದ ಬೆಡ್ಡಿನ ಅಜ್ಜಿಯ ಹಣೆ ಮುಟ್ಟಿ, ‘ಈಗ ಹೇಗಿದ್ದೀರಜ್ಜಿ?’ ಎಂದು ಕೇಳಿ. ರೋಗಾಣುವಿಗೆ ಕಾಲಿಲ್ಲ, ಅಷ್ಟು ದೂರ ನೀವೇ ದಾಟಿಸಬೇಕು.

ಹಿರಿಯ ಡಾಕ್ಟರೇ, ನಿಮ್ಮ ಕೆಲಸ ಇನ್ನೂ ಸುಲಭ. ಒಂದೇ ಜೊತೆ ಗ್ಲೌಸಿನಲ್ಲಿ ಇಡೀ ಸಾಲು ಮುಗಿಸಿ. ಸಿಸ್ಟರ್ ಬಾಟಲಿ ಹಿಡಿದು ‘ಸರ್, ಹ್ಯಾಂಡ್‌ರಬ್’ ಎಂದು ಮೆಲ್ಲಗೆ ಅಂದರೆ ಕೇಸ್‌ಶೀಟ್ ಎಲ್ಲಿ ಎಂದು ಕೇಳಿ. ನಾಳೆಯಿಂದ ಅವರು ಅನ್ನುವುದಿಲ್ಲ. ನಿಮ್ಮ ಹಿಂದೆ ದೊಡ್ಡ ಪರಂಪರೆಯೇ ಇದೆ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ, ಶವ ಕೊಯ್ದು ನೇರ ಹೆರಿಗೆ ವಾರ್ಡಿಗೆ ಬರುತ್ತಿದ್ದವರಿಂದ ಅಲ್ಲಿನ ಡಾಕ್ಟರ್ ಸೆಮ್ಮೆಲ್‌ವೈಸ್ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ಎಷ್ಟೋ ಪ್ರೊಫೆಸರುಗಳು ಒಪ್ಪಲಿಲ್ಲ. ದೊಡ್ಡವರ ಕೈ ಕೊಳಕು ಎಂದರೆ ಯಾರು ತಾನೇ ಒಪ್ಪುತ್ತಾರೆ? ಮನೆಯಲ್ಲಿ ದೊಡ್ಡಪ್ಪನಿಗೆ ಹೇಳಿ ನೋಡಿ, ಗೊತ್ತಾಗುತ್ತದೆ.

ಕೊನೆಯದಾಗಿ, ಮನೆ ಮುಟ್ಟಿದ ಕೂಡಲೇ ಹಿತ್ತಲ ಕಡೆಯಿಂದ ಬನ್ನಿ. ಬಟ್ಟೆ ನೆನೆಹಾಕಿ, ಸೋಪು ಹಚ್ಚಿ ಮೊಣಕೈವರೆಗೆ ಉಜ್ಜಿ ತೊಳೆದು, ತಲೆಗೂ ಎರೆದುಕೊಂಡೇ ಒಳಗೆ ಕಾಲಿಡಿ. ಆಸ್ಪತ್ರೆಗೆ ಹೋಗಿ ಬಂದ ಕೈ ಅದು.