ಬ್ಲೂ-ಬ್ಲ್ಯಾಕ್ ಮ್ಯಾನೇಜರ್ರು

ಉಡುಪಿ ಜಿಲ್ಲೆಯಲ್ಲಿ ಕಲ್ಲು ಬಿಸಾಡಿದರೆ ಒಂದೋ ಹೋಟೆಲಿನವರ ಅಂಗಳಕ್ಕೆ ಬೀಳುತ್ತದೆ, ಇಲ್ಲವೇ ನಿವೃತ್ತ ಬ್ಯಾಂಕ್ ಮ್ಯಾನೇಜರರ ಅಂಗಳಕ್ಕೆ. ಈ ಮ್ಯಾನೇಜರರಲ್ಲಿ ಒಂದು ಒಳಪಂಗಡ ಉಂಟು. ಇವರು ಬಾಲ್ ಪೆನ್ನು ಮುಟ್ಟುವುದಿಲ್ಲ. ಕೊರಿಯರ್ ಹುಡುಗ ಸಹಿಗೆಂದು ಪೆನ್ನು ಚಾಚಿದರೆ "ನಿಲ್ಲು ಮಾರಾಯ" ಎಂದು ಒಳಗೆ ಹೋಗಿ ತಮ್ಮ ಶಾಯಿ ಪೆನ್ನು ತಂದು, ಕ್ಯಾಪು ತಿರುಗಿಸಿ, ನೆಲಕ್ಕೊಮ್ಮೆ ಕೊಡವಿ, ಸಹಿ ಹಾಕಿ, ಅದು ಒಣಗುವ ತನಕ ಕಾಗದವನ್ನು ಕೈಬಿಡುವುದಿಲ್ಲ. ಶಾಯಿ ಬ್ಲೂ-ಬ್ಲ್ಯಾಕ್. ಅದೂ ಈಗಿನದ್ದಲ್ಲ.

ನಮ್ಮ ಎದುರುಮನೆಯ ಮ್ಯಾನೇಜರ್ರು ಈ ಪಂಗಡದ ಗುರಿಕಾರರು. ಬೇರೆಯವರ ಕಪಾಟಿನಲ್ಲಿ ಮೊಮ್ಮಕ್ಕಳ ಫೋಟೋ ಇರುವ ಕಡೆ ಇವರಲ್ಲಿ ಕ್ಯಾಮೆಲ್, ಸುಲೇಖಾ, ಬ್ರಿಲ್, ಕ್ವಿಂಕ್ ಬಾಟ್ಲಿಗಳ ಸಾಲು. ಎಲ್ಲಿ ಹಳೆಯ ಪುಸ್ತಕದಂಗಡಿ ಬಾಗಿಲು ಹಾಕುತ್ತದೆ ಎಂಬ ಸುದ್ದಿ ಇವರಿಗೆ ಹೇಗೋ ಮುಟ್ಟುತ್ತದೆ. ಕಾಪುವಿನಲ್ಲಿ ಹೆದ್ದಾರಿ ಅಗಲ ಮಾಡುವಾಗ ಉಳಿದವರು ಪರಿಹಾರದ ದುಡ್ಡಿನ ಲೆಕ್ಕ ಹಾಕುತ್ತಿದ್ದರೆ, ಇವರು ಕೆಡವಲಿರುವ ಅಂಗಡಿಗಳ ಅಟ್ಟ ಹತ್ತಿ ಇಳಿಯುತ್ತಿದ್ದರು. ಸಿಕ್ಕಿದ ಬಾಟ್ಲಿಯನ್ನು ಅಲ್ಲಾಡಿಸಬಾರದು, ಅದು ಶಾಸ್ತ್ರ. ಮೊದಲು ಬೆಳಕಿಗೆ ಹಿಡಿದು ತಳದ ಮಡ್ಡಿ ನೋಡಬೇಕು. ಆಮೇಲೆ ಮುಚ್ಚಳ ತೆಗೆದು ಮೂಸಬೇಕು. ಬೂಷ್ಟು ಹಿಡಿಯದಿರಲೆಂದು ಹಿಂದೆ ಎಷ್ಟೋ ಶಾಯಿಗಳಿಗೆ ಕಾರ್ಬಾಲಿಕ್ ಆಮ್ಲ ಬೆರೆಸುತ್ತಿದ್ದರು. ಆ ಆಸ್ಪತ್ರೆ ವಾಸನೆ ಮೂಗಿಗೆ ಹತ್ತಿತೆಂದರೆ ಮ್ಯಾನೇಜರ್ರ ಮುಖ ಅರಳುತ್ತದೆ. ಮನೆಗೆ ತಂದು ಅದನ್ನು ಸೋಸುವುದಕ್ಕೆ ಕಾಫಿ ಫಿಲ್ಟರೇ ಬೇಕಾಗುತ್ತದೆ. ಅವರ ಹೆಂಡತಿ, ನಮ್ಮ ಮಾಮಿ, ಈಗ ಅದನ್ನು ಬೀಗ ಹಾಕಿ ಇಡುತ್ತಾರೆ.

"ಅಸಲಿ ಬ್ಲೂ-ಬ್ಲ್ಯಾಕಲ್ಲಿ ಕಬ್ಬಿಣ ಉಂಟು" ಎಂದು ಅವರ ಪಾಠ ಶುರುವಾಗುತ್ತದೆ. ಕಬ್ಬಿಣದ ಲವಣಕ್ಕೆ ಟ್ಯಾನಿನ್ ಸೇರಿಸಿದ ದ್ರವಕ್ಕೆ ಮೊದಮೊದಲು ಬಣ್ಣವೇ ಸಾಲದು. ಬರೆಯುವವನಿಗೆ ಅಕ್ಷರ ಕಾಣಲೆಂದು ಅದಕ್ಕೆ ನೀಲಿ ಹಾಕುತ್ತಾರೆ. ಕಾಗದಕ್ಕೆ ಇಳಿದು ಗಾಳಿ ತಾಗಿದ ಮೇಲೆ ಕಬ್ಬಿಣ ಕಪ್ಪಾಗುತ್ತದೆ, ನಾರಿನೊಳಗೆ ಕೂತುಬಿಡುತ್ತದೆ, ನೀರಿಗೆ ಜಗ್ಗುವುದಿಲ್ಲ. ಲಂಡನ್ನಿನ ಹೆನ್ರಿ ಸ್ಟೀಫನ್ಸ್ 1832ರಲ್ಲಿ ವ್ಯಾಪಾರ ಶುರುಮಾಡಿ ಹೆಸರು ಗಳಿಸಿದ್ದು ಇಂಥ ಶಾಯಿಯಿಂದ. ಇಂಗ್ಲೆಂಡಿನಲ್ಲಿ ಮದುವೆಯ ರಿಜಿಸ್ಟರಿಗೂ ಇದೇ ಜಾತಿಯ ಶಾಯಿ ಇತ್ತು, 2021ರಲ್ಲಿ ಅದೂ ಕಂಪ್ಯೂಟರಿಗೆ ಹೋಯಿತು. "ಇನ್ನು ಅಲ್ಲಿಯ ಸಂಸಾರಗಳ ಗತಿ ನೋಡಿ" ಎಂದು ಮ್ಯಾನೇಜರ್ರು ತಲೆ ಆಡಿಸುತ್ತಾರೆ. ಅವರು ಗೌರವ ಕೊಡುವ ಇನ್ನೊಂದು ಶಾಯಿ ಎಂದರೆ 1962ರಿಂದ ಚುನಾವಣೆಗೆ ಮೈಸೂರಿನಿಂದ ಹೋಗುವ ವೋಟಿನ ಶಾಯಿ. ಅದರಲ್ಲಿ ಬೆಳ್ಳಿಯ ಲವಣ ಇರುವುದರಿಂದ "ಅದು ದೊಡ್ಡ ಮನೆತನದ್ದು".

ಪಾಠದ ನಂತರ ಪ್ರಾತ್ಯಕ್ಷಿಕೆ. ಕಾಗದದ ಮೇಲೆ "ಶ್ರೀ" ಬರೆದು ನಮ್ಮ ಮುಂದೆ ಇಡುತ್ತಾರೆ.

"ಈಗ ನೋಡಿ, ಕಪ್ಪಾಗ್ತಾ ಬಂತು."

"ನೀಲಿಯೇ ಉಂಟಲ್ಲ ಸರ್?"

"ಅರ್ಜೆಂಟ್ ಎಂತ ಮಾರಾಯ್ರೆ? ಪೂರ್ತಿ ಆಗ್ಲಿಕ್ಕೆ ನಾಳೆ ಆಗ್ತದೆ. ನಾಳೆ ಬನ್ನಿ."

ಮರುದಿನ ಹೋದರೆ ಅದು ನಿಜವಾಗಿಯೂ ಕಪ್ಪಾಗಿರುತ್ತದೆ. ಆದರೆ ಆ ಹೊತ್ತಿಗೆ ಪಕ್ಕದಲ್ಲಿ ಹೊಸ "ಶ್ರೀ" ಬರೆದು ಇಟ್ಟಿರುತ್ತಾರೆ.

ಈ ಹಟಕ್ಕೆ ಕಾರಣ ಇಲ್ಲದಿಲ್ಲ. ಅವರು ಸೇರಿದ್ದು ಕೈಬರಹದ ಬ್ಯಾಂಕಿಗೆ. ಲೆಡ್ಜರು, ಡೇ ಬುಕ್ಕು, ವೋಚರು ಎಲ್ಲವೂ ಶಾಯಿಯ ಮೇಲೆ ನಿಂತದ್ದು. ಮಳೆಗಾಲದಲ್ಲಿ ಶಾಖೆಯ ಹಂಚು ಸೋರಿದರೂ ಠೇವಣಿದಾರನ ಬಾಕಿ ತೊಳೆದು ಹೋಗಬಾರದು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಶುರುಮಾಡಿದ್ದು ಕಾರ್ಪೊರೇಶನ್ ಬ್ಯಾಂಕ್. 1925ರಲ್ಲಿ ಟಿ.ಎಂ.ಎ. ಪೈಗಳು ಜೊತೆಯವರೊಂದಿಗೆ ಅದೇ ಉಡುಪಿಯಲ್ಲಿ ಕಟ್ಟಿದ್ದು ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು, ಮಣಿಪಾಲಕ್ಕೆ ಹೆಸರು ತಂದಿತು. 1928ರಲ್ಲಿ ಅದರ ಪಿಗ್ಮಿ ಠೇವಣಿ ಬಂದು ದಿನಕ್ಕೆ ಎರಡಾಣೆಯೂ ಪುಸ್ತಕಕ್ಕೆ ಏರಿತು. 2020ರ ಏಪ್ರಿಲ್ ಒಂದರಂದು ಎರಡೂ ಬ್ಯಾಂಕುಗಳು ಒಟ್ಟಿಗೇ ಬೇರೆಯವುಗಳೊಳಗೆ ಕರಗಿದವು. ಮ್ಯಾನೇಜರ್ರು ಆ ತಾರೀಕಿನ ತಮಾಷೆ ಇರಬೇಕೆಂದು ಸಂಜೆಯವರೆಗೂ ನಂಬಲಿಲ್ಲವಂತೆ. "ಬ್ಯಾಂಕೇ ಅಳಿಸಿ ಹೋಯ್ತು, ನನ್ನ ಇನಿಶಿಯಲ್ ಎಲ್ಲಿಯೋ ಗೋಡೌನಲ್ಲಿ ಹಾಗೇ ಉಂಟು" ಅನ್ನುವಾಗ ಅವರ ಧ್ವನಿಯಲ್ಲಿ ಬೇಸರ ಎಷ್ಟು, ಹೆಮ್ಮೆ ಎಷ್ಟು ಎಂದು ನನಗೆ ಈವರೆಗೂ ತಿಳಿದಿಲ್ಲ.

ಇವರಿಗೊಬ್ಬ ಎದುರಾಳಿ ಇದ್ದಾರೆ, ಕಾರ್ಕಳದ ನಿವೃತ್ತ ಮಾಷ್ಟ್ರು. ಮಾಷ್ಟ್ರು ಬಾಟ್ಲಿ ಕೊಳ್ಳುವವರಲ್ಲ. ಗ್ರಂದಿಗೆ ಅಂಗಡಿಯಿಂದ ಅಳಲೆಕಾಯಿ, ಅನ್ನಭೇದಿ ತಂದು ಬಚ್ಚಲ ಒಲೆಯಲ್ಲಿ ಕುದಿಸಿ ಶಾಯಿ ಮಾಡುತ್ತಾರೆ. ಅಳಲೆಕಾಯಿಯ ಒಗರೇ ಟ್ಯಾನಿನ್, ಅನ್ನಭೇದಿಯೇ ಕಬ್ಬಿಣದ ಲವಣ. ಫಾರಿನ್ನಿನವರು ಓಕ್ ಮರದ ಗಂಟಿನಿಂದ ಮಾಡಿದ್ದನ್ನು, ಅಂದರೆ ನಾವು ಹಸುಗೂಸಿಗೆ ತೇಯ್ದು ನೆಕ್ಕಿಸುವ ಮಾಚಿಕಾಯಿಯಿಂದ ಮಾಡಿದ್ದನ್ನು, ಮಾಷ್ಟ್ರು ಹಿತ್ತಲಲ್ಲಿ ಮಾಡುತ್ತಾರೆ. ಮ್ಯಾನೇಜರ್ರು ಅದಕ್ಕೆ "ಕಷಾಯ" ಅನ್ನುತ್ತಾರೆ. ಮಾಷ್ಟ್ರು ಬಿಡುತ್ತಾರೆಯೆ? "ಮ್ಯಾನೇಜರ್ರೆ, ನಿಮ್ಮ ಪರ್ಮನೆಂಟ್ ಅಂದ್ರೆ ಎಷ್ಟು ವರ್ಷ? ನಮ್ಮ ಊರಲ್ಲಿ ಗೊಮ್ಮಟ 1432ರಿಂದ ಮಳೆಗೆ ನಿಂತಿದ್ದಾನೆ, ಒಂದು ಗೆರೆ ಮಾಸಲಿಲ್ಲ. ತಾಳೆಗರಿಗೆ ಕಂಟದಲ್ಲಿ ಕೊರೆದು ದೀಪದ ಮಸಿ ತೀಡಿದ್ದು ಈಗಲೂ ಓದ್ಲಿಕ್ಕೆ ಬರ್ತದೆ. ನಿಮ್ಮ ಕ್ವಿಂಕಿನಲ್ಲಿ ಕಬ್ಬಿಣ ಉಂಟೋ ಅಂತ ಮೊದಲು ನೋಡಿ." ಕಡೆಯ ಮಾತು ನಾಟುವಂಥದ್ದು. ಬಾಟ್ಲಿಯ ಮೇಲೆ ಬ್ಲೂ-ಬ್ಲ್ಯಾಕ್ ಎಂದಿರುವುದೆಲ್ಲ ಕಬ್ಬಿಣದ್ದಲ್ಲ, ಬರೀ ಬಣ್ಣದ್ದೂ ಬೇಕಾದಷ್ಟಿವೆ. ಆ ವಾರ ಮ್ಯಾನೇಜರ್ರು ಫೋನೆತ್ತಲಿಲ್ಲ.

ಇನ್ನು ನಿಬ್ಬಿನ ಕತೆ. ಇಂಥ ಶಾಯಿಯಲ್ಲಿ ಕಬ್ಬಿಣ ತಳಕ್ಕಿಳಿಯದಿರಲೆಂದು ಆಮ್ಲ ಹಾಕಿರುತ್ತಾರೆ. ಅದು ಉಕ್ಕಿನ ನಿಬ್ಬನ್ನು ಮೆಲ್ಲ ತಿನ್ನುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಮ್ಯಾನೇಜರ್ರು ಇದನ್ನು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ ನಿಬ್ಬು ತಿಂದದ್ದು ಕಾಪುವಿನ ಗಾಳಿ; ಮಗಳ ಮನೆ ಅಲ್ಲಿ, ದೀಪಸ್ತಂಭದ ಹತ್ತಿರ, ಪೆನ್ನು ಅಲ್ಲಿಗೆ ಹೋಗಿ ಬರುತ್ತಿರುತ್ತದೆ. ಆದರೂ ದುಬೈಯಲ್ಲಿರುವ ಭಾವನಿಗೆ "ಬರುವಾಗ ಚಿನ್ನದ ನಿಬ್ಬಿನದ್ದೊಂದು" ಎಂದು ಮೆಸೇಜು ಹೋಗಿದೆ. ಮಾಮಿ ಚಿನ್ನ ಕೇಳಿದಾಗ ಕಸ್ಟಮ್ಸ್ ನೆನಪಾಗುವ ಭಾವ ಇವರು ಕೇಳಿದಾಗ ಆಗಲಿ ಅಂದಿದ್ದಾರೆ.

ಮಣಿಪಾಲದ ಅಂಗಡಿಯೊಂದರಲ್ಲಿ ಒಬ್ಬ ಡಾಕ್ಟರಿಕೆ ಓದುವ ಹುಡುಗ ಇವರ ಪೆನ್ನು ಕಂಡು "ಅಂಕಲ್, ವಿಂಟೇಜ್?" ಎಂದು ಕಣ್ಣರಳಿಸಿದ. "ಎಂತ ವಿಂಟೇಜ್? ನಾನು ತಕೊಳ್ಳುವಾಗ ಹೊಸತೇ ಇತ್ತು" ಎಂದರು. ಆದರೂ ಅವನಿಗೆ ಒಂದು ಬಾಟ್ಲಿ ದಾನ ಹೋಯಿತು. ಶಿಷ್ಯ ಸಿಕ್ಕಿದ ಸಂಭ್ರಮ ನೋಡುವ ಹಾಗಿತ್ತು.

ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಬ್ಯಾಂಕಿಗೆ ತೋರಿಸಬೇಕಷ್ಟೆ. ಮ್ಯಾನೇಜರ್ರು ಫಾರ್ಮ್ ತುಂಬಿಕೊಂಡೇ ಹೋದರು. ಕೌಂಟರಿನ ಹುಡುಗಿ ನೋಡಿ, "ಸರ್, ಬ್ಲೂ ಅಥವಾ ಬ್ಲ್ಯಾಕಲ್ಲಿ ಬರೀಬೇಕಿತ್ತು" ಅಂದಳು. "ಇದು ಎರಡೂ" ಅಂದರು. ಅವಳು ನಗಲಿಲ್ಲ. "ಫಾರ್ಮ್ ಬೇಡ ಬಿಡಿ ಸರ್, ಹೆಬ್ಬೆಟ್ಟು ಇಡಿ" ಎಂದು ಯಂತ್ರ ಮುಂದಕ್ಕೆ ತಳ್ಳಿದಳು. 2014ರಿಂದ ಜೀವನ ಪ್ರಮಾಣಕ್ಕೆ ಈ ಯಂತ್ರ ಬಂದಿದೆ. ಸರ್ವೀಸಿನುದ್ದಕ್ಕೂ ಹೆಬ್ಬೆಟ್ಟಿನ ಗಿರಾಕಿಗಳನ್ನು ಕೂರಿಸಿ ಸಹಿ ತಿದ್ದಿಸಿದ ಮನುಷ್ಯ ಹೆಬ್ಬೆರಳು ಇಟ್ಟರು. ಯಂತ್ರ ಒಪ್ಪಲಿಲ್ಲ. ಇನ್ನೊಮ್ಮೆ ಇಟ್ಟರು. ಬೆರಳಿನ ಗೆರೆಗಳೊಳಗೆ ಬ್ಲೂ-ಬ್ಲ್ಯಾಕ್ ಕೂತಿತ್ತು. "ಕೈ ತೊಳೆದು ಬನ್ನಿ ಸರ್." ಸೋಪು ಹಾಕಿ ತಿಕ್ಕಿದರು, ಹೋಗಲಿಲ್ಲ. ಹೋಗುವ ಶಾಯಿಯೇ ಅದು?

ಜೀವ ಇರುವುದು ಸಾಬೀತಾಗದೆ ಮನೆಗೆ ಬಂದವರನ್ನು ಮಾಮಿ ಬಾವಿಕಟ್ಟೆಯ ಹತ್ತಿರ ಕೂರಿಸಿದರು. ಹಿತ್ತಲಿನ ಬಿಂಬುಳಿ ಮರದಿಂದ ನಾಲ್ಕು ಕಾಯಿ ಕಿತ್ತು, ಜಜ್ಜಿ, ಕಾಲುದೀಪ ತಿಕ್ಕುವ ಕೈಯಲ್ಲೇ ಗಂಡನ ಹೆಬ್ಬೆರಳು ತಿಕ್ಕಿದರು. ಬಿಂಬುಳಿಯಲ್ಲಿರುವ ಆಕ್ಸಾಲಿಕ್ ಆಮ್ಲದ ಮುಂದೆ ಕಬ್ಬಿಣದ ಕಲೆ ನಿಲ್ಲುವುದಿಲ್ಲ. ಬೆರಳು ಮೆಲ್ಲ ತಿಳಿಯಾಯಿತು.

"ನಿಮ್ಮ ಅಂಗಿಗಳು ಇಷ್ಟು ವರ್ಷ ಬೆಳ್ಳಗೆ ಇದ್ದದ್ದು ಹೇಗೆ ಅಂತ ಗ್ರಹಿಸಿದ್ರಿ?" ಅಂದರು ಮಾಮಿ.

ಮ್ಯಾನೇಜರ್ರು ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಗೇಟಿನ ಕಡೆಗೊಮ್ಮೆ ಕಣ್ಣು ಹಾಯಿಸಿ ಮೆಲ್ಲನೆ ಹೇಳಿದರು: "ಇದನ್ನು ಆ ಕಾರ್ಕಳದ ಮಾಷ್ಟ್ರಿಗೆ ಮಾತ್ರ ಹೇಳ್ಬೇಡ ಮಾರಾಯ್ತಿ."